ತೊಳೆದು ಕೊಟ್ಟ ತಾಟು

ರೊಟ್ಟಿ ಬಡಿಯುವ ಸದ್ದು ಇಷ್ಟು ದೂರ ಹೋಗಬಲ್ಲದು ಎಂದು ಶೈಲಾಗೆ ಈವರೆಗೆ ಗೊತ್ತಿರಲಿಲ್ಲ. ಹಳೇ ಬಾಗಲಕೋಟೆಯ ಓಣಿಯಲ್ಲಿ ಒಂದು ಮನೆಯ ಸದ್ದು ಮತ್ತೊಂದು ಮನೆಯ ಸದ್ದಿನೊಳಗೆ ಕಲೆತು, ಯಾವುದು ಯಾರ ಕೈ ಎಂದು ತಿಳಿಯದೆ, ಗೋಡೆಗಳೇ ಬಡಿದುಕೊಳ್ಳುತ್ತಿವೆಯೇನೋ ಅನ್ನಿಸುತ್ತಿತ್ತು. ನವನಗರದ ಈ ಸೆಕ್ಟರಿನಲ್ಲಿ ಅವಳ ಕೈಯದೊಂದೇ ಸದ್ದು. ಅದು ಅಡುಗೆಮನೆಯ ಕಿಟಕಿಯಿಂದ ಹೊರಬಿದ್ದು, ಯಾರೂ ಓಡಾಡದ ಅಗಲ ರಸ್ತೆ ದಾಟಿ, ಎದುರಿನ ನೀರಿನ ಟಾಕಿಗೆ ತಾಗಿ ತಿರುಗಿ ಬರುತ್ತಿತ್ತು. ತಾನು ಬಡಿದದ್ದನ್ನು ತಾನೇ ಎರಡು ಸಲ ಕೇಳುವಂತಾಗಿ ಅವಳಿಗೆ ನಗು ಬಂತು. ಬೇಕೆಂದೇ ಇನ್ನಷ್ಟು ಜೋರಾಗಿ ಬಡಿದಳು. ಕೇಳಲಿ. ಇವತ್ತು ರೊಟ್ಟಿ ಹಬ್ಬ, ನಾಗಪಂಚಮಿಯ ಮುಂಚಿನ ಹಬ್ಬ, ಮನೆಯಿಂದ ಮನೆಗೆ ರೊಟ್ಟಿ ಹೋಗಬೇಕಾದ ದಿನ. ಇಲ್ಲೊಬ್ಬಳು ಬಡಿಯುತ್ತಿದ್ದಾಳೆ ಎಂದು ಬಾಗಿಲು ಹಾಕಿಕೊಂಡು ಕೂತ ಈ ಮನೆಗಳಿಗೆಲ್ಲ ಗೊತ್ತಾಗಲಿ. ಎಳ್ಳು ಮೆತ್ತಿದ ಸಜ್ಜೆ ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಅವಳ ಎದೆಯೂ ಉಬ್ಬಿತು. ನಸುಕಿನಲ್ಲೇ ಎದ್ದಿದ್ದರೂ ಮೈಯಲ್ಲಿ ದಣಿವಿಲ್ಲ. ಮದುವೆ ಮನೆಯಲ್ಲಿ ಓಡಾಡುವ ಹುಡುಗಿಯ ಹಾಗೆ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ತನ್ನನ್ನೇ ಗದರಿಸಿಕೊಂಡು, ಗದರಿಸಿಕೊಂಡದ್ದಕ್ಕೂ ನಕ್ಕಳು.

ಅತ್ತೆ ಇಂದ್ರಾಬಾಯಿ ಮುಂಬಾಗಿಲ ಚೌಕಟ್ಟಿಗೆ ಒರಗಿಕೊಂಡು ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು. ಬೇರೆ ಮುದುಕಿಯರು ರಸ್ತೆ ನೋಡಲು ಬಾಗಿಲಲ್ಲಿ ಕೂರುತ್ತಾರೆ, ಈಕೆ ನೋಡುವುದಿಲ್ಲ ಎಂದು ತೋರಿಸಲು ಕೂರುತ್ತಾಳೆ. ಇಲ್ಲಿಗೆ ಬಂದ ಮೇಲೆ ಆಕೆ ಗೇಟು ದಾಟಿದವಳಲ್ಲ.

“ಎಷ್ಟ ಬಡಿತಿ? ಯಾರ ತಿನ್ನಾವ್ರು?” ಎಂದಳು ಅಲ್ಲಿಂದಲೇ.

“ಮಂದಿ ಅದಾರಲ್ರಿ ಅತ್ತಿ.”

“ಎಲ್ಲಿ ಅದಾರ ಮಂದಿ? ಇಲ್ಲಿ ಬರೇ ನಂಬರ ಅದಾವು. ನಂಬರ ರೊಟ್ಟಿ ತಿಂತಾವೇನ?”

ಶೈಲಾ ಉತ್ತರ ಕೊಡಲಿಲ್ಲ. ಕೊಡದೇ ಇರುವುದು ಅವಳಿಗೆ ಮದುವೆಯಾದಾಗಿನಿಂದ ರೂಢಿ. ಆದರೆ ಈ ಸಲ ಬಾಯಿ ಮುಚ್ಚಿಸಿದ್ದು ರೂಢಿಯಲ್ಲ, ಭಯ. ನಾಳೆ ಬೆಳಿಗ್ಗೆ ಕಲಾದಗಿಯಿಂದ ಅತ್ತೆಯ ಅಣ್ಣನ ಮಗ ಸಂಗಮೇಶ ಗಾಡಿ ತರುತ್ತಾನೆ. ಇಂದ್ರಾಬಾಯಿ ತನ್ನ ತವರೂರಿಗೆ ಹೊರಟಿದ್ದಾಳೆ, ಹಬ್ಬಕ್ಕಲ್ಲ, ಇರಲಿಕ್ಕೆ. ಅಲ್ಲಿ ಓಣಿ ಇದೆ, ಕಟ್ಟೆ ಇದೆ, ಸತ್ತರೆ ಅಳುವವರಿದ್ದಾರೆ. ರೊಟ್ಟಿ ಕೊಡುವವರಿಲ್ಲದ, ತಗೊಳ್ಳುವವರಿಲ್ಲದ ಊರಿನಲ್ಲಿ ನಾನು ಕಣ್ಣು ಮುಚ್ಚುವುದಿಲ್ಲ ಎಂದು ಆಕೆ ಮಗನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಮಗ ಶ್ರೀಶೈಲ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವನು, ರಜೆ ಸಿಕ್ಕಾಗ ಬರುವವನು. “ಹೋಗ್ಲಿ ಬಿಡು, ಅಲ್ಲಿ ಆರಾಮ ಇರ್ತಾಳ” ಎಂದು ಹೆಂಡತಿಗೆ ಹೇಳಿದ್ದ, ಆದರೆ ಆ ದನಿ ಕಲ್ಲಿನ ಧೂಳು ನುಂಗಿದ ಹಾಗಿತ್ತು. ಅದನ್ನು ಕೇಳಿದ ಗಳಿಗೆಯಲ್ಲಿ ಶೈಲಾಳ ಮನಸ್ಸು ಏನು ಮಾಡಿತ್ತೆಂದರೆ, ಅತ್ತೆ ಮಲಗುವ ಮೂಲೆಯನ್ನು ಒಮ್ಮೆ ಅಳೆದು ಅಲ್ಲೊಂದು ಹೊಲಿಗೆ ಯಂತ್ರ ಇಟ್ಟು ನೋಡಿತ್ತು. ಇಟ್ಟ ಮೇಲೆ ಮೈ ಜುಮ್ಮೆಂದಿತ್ತು. ಛೀ, ಎಂಥ ಹೆಂಗಸು ನಾನು, ಇನ್ನೂ ಹೋಗಿಲ್ಲ ಆಕೆ.

ಅವಳಿಗೆ ಗೊತ್ತು, ತನ್ನ ಸಂತೋಷವೇ ಆ ಮುದುಕಿಯನ್ನು ಹೊರಗೆ ಹಾಕುತ್ತಿದೆ. ಅಣೆಕಟ್ಟಿನ ಹಿನ್ನೀರಿಗೆ ಮುಳುಗಲಿದ್ದ ಹಳೇ ಮನೆ ಬಿಡುವ ದಿನ ಓಣಿಗೆ ಓಣಿಯೇ ಅತ್ತಿತ್ತು. ಇಂದ್ರಾಬಾಯಿ ಹೊಸ್ತಿಲಿಗೆ ಹಣೆ ಹಚ್ಚಿ ಏಳಲೊಲ್ಲದೆ ಬಿದ್ದಿದ್ದಳು. ಶೈಲಾ ಮುಖಕ್ಕೆ ಸೆರಗು ಹಿಡಿದು ನಿಂತಿದ್ದಳು, ಪಾಪ ಸೊಸೆಗೂ ಎಷ್ಟು ದುಃಖ ಎಂದು ಮಂದಿ ಅಂದುಕೊಳ್ಳುವ ಹಾಗೆ. ಸೆರಗಿನ ಒಳಗೆ ಅವಳು ನಗುತ್ತಿದ್ದಳು. ತಡೆಯಲಿಕ್ಕೆ ಆಗಲಿಲ್ಲ. ಹಗಲಲ್ಲೂ ದೀಪ ಬೇಡುವ ಆ ಅಡುಗೆಮನೆ, ನೀರಿಗೆ ನಿಂತಲ್ಲಿ ನಿನ್ನೆಯ ಸಾರಿನ ಉಪ್ಪು ಲೆಕ್ಕ ಹಾಕುವ ಹೆಂಗಸರು, ಮದುವೆಯಾಗಿ ಬಂದ ವರ್ಷ ಒಂದು ರಾಶಿ ರೊಟ್ಟಿ ಸುಟ್ಟಿದ್ದಕ್ಕೆ ಅಂಟಿಕೊಂಡ ‘ಕರಕಲ ಶೈಲಿ’ ಎಂಬ ಹೆಸರು, ಗೇಣುದ್ದದ ಹುಡುಗರ ಬಾಯಲ್ಲೂ ಅದೇ ಹೆಸರು. ಎಲ್ಲ ನೀರಿಗೆ ಹೋಗುತ್ತಿತ್ತು. ಅದೇ ಹೊತ್ತಿಗೆ ಇಂದ್ರಾಬಾಯಿ ಹೊಸ್ತಿಲಿಂದ ತಲೆ ಎತ್ತಿದಳು, ಸೆರಗು ಗಾಳಿಗೆ ಸರಿಯಿತು, ಆಕೆ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಶೈಲಾ ಇಷ್ಟೊಂದು ಬೇಯುತ್ತಿರಲಿಲ್ಲ. ಅತ್ತೆ ಇಲ್ಲೇ ಉಳಿದರೆ ಮಾತ್ರ ಆ ನಗು ತನಗೆ ದಕ್ಕೀತು, ಹೋದರೆ ಈ ಕಿಟಕಿ, ಈ ಗಾಳಿ, ಮನೆಯೊಳಗೇ ಬರುವ ನೀರು ಎಲ್ಲ ಕದ್ದ ಮಾಲಾಗುತ್ತದೆ. ಹಬ್ಬಕ್ಕೆ ತವರಿಗೆ ಕರೆಯಲು ಬಂದ ತನ್ನ ಅಣ್ಣನನ್ನು ಹುನಗುಂದಕ್ಕೆ ಬರಿಗೈಯಲ್ಲಿ ವಾಪಸು ಕಳಿಸಿ ಅವಳು ಇಷ್ಟೊಂದು ಹಿಟ್ಟು ನಾದಿದ್ದು ಅದಕ್ಕೆ. ಇವತ್ತು ಸಂಜೆಯ ಒಳಗೆ ಈ ಮನೆಯ ಬಾಗಿಲಿಗೆ ನಾಲ್ಕು ಕಡೆಯಿಂದ ರೊಟ್ಟಿ ಬರಬೇಕು, ಇಂದ್ರಾಬಾಯಿ ಕಣ್ಣಾರೆ ನೋಡಬೇಕು.

ತಾಟುಗಳನ್ನು ಸಾಲಾಗಿ ಇಟ್ಟಳು. ರೊಟ್ಟಿಯ ಮೇಲೆ ಮಡಿಕೆ ಕಾಳಿನ ಪಲ್ಯ, ಬದನೆಯ ಎಣಗಾಯಿ, ಶೇಂಗಾ ಚಟ್ನಿ, ಅಂಚಿಗೊಂದಿಷ್ಟು ಕೆಂಪು ಮೆಣಸಿನಕಾಯಿ ಅರೆದ ಖಾರ. ಹಳೇ ಓಣಿಯಲ್ಲಿ ಈ ಕೆಲಸ ಅವಳ ಕೈಗೆ ಬಂದದ್ದೇ ಇಲ್ಲ. ಮೊದಲು ಯಾರ ಮನೆ, ಆಮೇಲೆ ಯಾರ ಮನೆ, ಯಾರಿಗೆ ಎಣಗಾಯಿ ಹೆಚ್ಚು, ಹೋದ ವರ್ಷ ಒಡಕು ರೊಟ್ಟಿ ಕಳಿಸಿದವರಿಗೆ ಈ ವರ್ಷ ಎಂಥದು, ಎಲ್ಲ ಇಂದ್ರಾಬಾಯಿಯ ತಲೆಯಲ್ಲಿತ್ತು. ಸೊಸೆ ಬರೀ ಕಾಲು. ಈಗ ಅವಳೇ ತಲೆ. ಯಾರ ಮನೆಗೆ ಬೇಕಾದರೂ ಕೊಡಬಹುದು ಅನ್ನುವುದೇ ತಲೆ ತಿರುಗಿಸುವ ಹಾಗಿತ್ತು. ತಾಟಿನ ಮೇಲೆ ಬಟ್ಟೆ ಮುಚ್ಚಿ, ಕನ್ನಡಿಯಲ್ಲಿ ಮುಖ ನೋಡಿಕೊಂಡು, ಹಣೆಗೆ ಹತ್ತಿದ ಹಿಟ್ಟು ಒರೆಸಿಕೊಂಡು, ಅತ್ತೆಯ ಪಕ್ಕದಿಂದ ಹೊಸ್ತಿಲು ದಾಟುವಾಗ ಉಸಿರು ಹಿಡಿದಳು.

“ಖಾಲಿ ತಾಟ ತಗೊಂಡ ಬರಬ್ಯಾಡ ಮತ್ತ,” ಅಂದಳು ಇಂದ್ರಾಬಾಯಿ, ಗೋಡೆಗೆ ಹೇಳುವಂತೆ.

ರೊಟ್ಟಿ ಹೋದ ತಾಟು ಬರಿದಾಗಿ ತಿರುಗಬಾರದು, ತೊಳೆದೂ ಕೊಡಬಾರದು. ಬಡವರಾದರೆ ನಾಲ್ಕು ಕಾಳು ಸಕ್ಕರೆ, ಏನೂ ಇಲ್ಲವೆಂದರೆ ಒಂದು ಹಿಡಿ ಜೋಳ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ ಎಂದು ಶೈಲಾ ತಿಳಿದಿದ್ದಳು.

ಪಕ್ಕದ ಮನೆಯ ಜೋಹರಾ ಬಾಗಿಲಲ್ಲೇ ಕುಪ್ಪಸಕ್ಕೆ ಕೈಹೊಲಿಗೆ ಹಾಕುತ್ತಾ ನಿಂತಿದ್ದಳು. ಇಬ್ಬರೂ ಸಂಜೆ ನೀರಿನ ಟಾಕಿಯವರೆಗೆ ಅಡ್ಡಾಡಿ ಬರುತ್ತಾರೆ, ಆದರೆ ಒಬ್ಬರ ಮನೆಯೊಳಗೆ ಒಬ್ಬರು ಇನ್ನೂ ಕಾಲಿಟ್ಟಿಲ್ಲ. ತಾಟು ನೋಡುತ್ತಲೇ ಜೋಹರಾ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎರಡೂ ಕೈ ಮುಂದೆ ಮಾಡಿದಳು. “ಯಾ ಅಲ್ಲಾ, ಶೈಲಕ್ಕಾ! ಮುಂಜಾನಿಂದ ನಿಮ್ಮ ಸಪ್ಪಳಾ ಕೇಳಾಕತ್ತೇನಿ. ಕೊಡ್ತಾರೋ ಇಲ್ಲೋ, ಕೊಡ್ತಾರೋ ಇಲ್ಲೋ ಅಂತ ಎರಡ ಸಲ ಸೂಜಿ ಬೆರಳಿಗಿ ಚುಚ್ಚಕೊಂಡೇನಿ. ಇಳಕಲ್ಲದಾಗ ನಮ್ಮ ಮನಿಗಿ ಬಂದ ರೊಟ್ಟಿ ಪಂಚಮಿ ಮುಗದ ಮ್ಯಾಲೂ ತಿಂತಿದ್ವಿ.” ತಾಟು ತುಂಬ ಖಾರೀಕು, ಒಣ ಖರ್ಜೂರ, ಬಿದ್ದವು. ಮರಳಿ ಬಂದಾಗ ಶೈಲಾ ಆ ತಾಟನ್ನು ಬೇಕೆಂದೇ ಅತ್ತೆಯ ಮುಂದೆ ಇಟ್ಟಳು. ಇಂದ್ರಾಬಾಯಿ ಒಂದು ಖಾರೀಕು ಎತ್ತಿ ನೋಡಿ, ಅಲ್ಲೇ ಇಟ್ಟು, “ಆಕಿ ಇಳಕಲ್ಲದಾಕಿ. ನಮ್ಮ ಕಡೀದಾಕಿನ ಆದಳು. ಅದರಾಗೇನೈತಿ?” ಎಂದಳು.

ಆದರೂ ಎತ್ತಿ ನೋಡಿದಳಲ್ಲ! ಶೈಲಾ ಎರಡನೆಯ ತಾಟು ಹಿಡಿದು ಹೆಚ್ಚುಕಡಿಮೆ ಓಡಿದಳು. ಆಚೆಯ ಸಾಲಿನ ಮನೆಯಲ್ಲಿ ಕಬ್ಬಿಣದ ಜಾಳಿಗೆಯ ಹಿಂದೆ ಒಂದು ಮುಖ ಕಾಣಿಸಿತು, ತಲೆ ಬಾಚುತ್ತಿದ್ದ ಹೆಂಗಸು. ಶೈಲಾ ಬಾಯಿ ತೆರೆಯುವ ಮೊದಲೇ ಆ ಹೆಂಗಸು, “ಬ್ಯಾಡ್ರಿ, ನಾವು ತಗೊಂಡೇವಿ, ಮುಂದ ಹೋಗ್ರಿ” ಅಂದು ಒಳಬಾಗಿಲು ಹಾಕಿಕೊಂಡಳು. ಏನು ತಗೊಂಡಿದ್ದಾರೆ, ಯಾಕೆ ಮುಂದೆ ಹೋಗಬೇಕು? ಶೈಲಾ ಜಾಳಿಗೆಯ ಮುಂದೆ ಒಂದಿಷ್ಟು ಹೊತ್ತು ನಿಂತೇ ಇದ್ದಳು. ಮುಖ ಬಿಸಿಯಾಯಿತು. ಆಮೇಲೆ, ಇರಲಿ, ಗಂಡನ ಮೇಲಿನ ಸಿಟ್ಟಿರಬೇಕು ಎಂದು ತಾನೇ ಒಂದು ಕಾರಣ ಕಟ್ಟಿಕೊಟ್ಟು, ಆಕೆಯನ್ನು ಕ್ಷಮಿಸಿ, ಕ್ಷಮಿಸಿದ್ದರಿಂದ ಇನ್ನಷ್ಟು ಹುರುಪಾಗಿ ಮುಂದಿನ ಮನೆಗೆ ನಡೆದಳು.

ಆ ಸಾಲಿನ ಮನೆಗಳನ್ನೆಲ್ಲ ಒಬ್ಬನೇ ಗುತ್ತಿಗೆದಾರ ಒಂದೇ ಅಚ್ಚಿನಲ್ಲಿ ಕಟ್ಟಿದ್ದ. ತಪ್ಪು ಆದದ್ದು ಅಲ್ಲಿ. ಹಳೇ ಓಣಿಯಲ್ಲಿ ರೊಟ್ಟಿ ಒಯ್ಯುವವರು ಮುಂಬಾಗಿಲು ಬಡಿದು ನಿಲ್ಲುವುದಿಲ್ಲ, ಅದು ವಸೂಲಿಗೆ ಬಂದವರ ಪದ್ಧತಿ. ಹಿತ್ತಲಿನಿಂದ ನೇರ ಒಲೆಯ ಹತ್ತಿರ ಹೋಗಿ ತಾಟು ಇಟ್ಟೇ ಮಾತಾಡುವುದು. ಜಾಳಿಗೆಯ ಅವಮಾನ ಇನ್ನೂ ಕೆನ್ನೆಯ ಮೇಲಿತ್ತು, ಇನ್ನೊಂದು ಮುಂಬಾಗಿಲು ಬೇಡವೆನಿಸಿತು. ಕಾಲು ತಾನೇ ಪಕ್ಕದ ಸಂದಿಗೆ ಹೊರಳಿತು, ಹಿತ್ತಲ ಬಾಗಿಲು ತನ್ನ ಮನೆಯ ಹಿತ್ತಲ ಬಾಗಿಲಿದ್ದಲ್ಲೇ ಇತ್ತು, ತನ್ನ ಮನೆಯದರ ಹಾಗೇ ತೆರೆದಿತ್ತು, ಎರಡು ಮೆಟ್ಟಿಲು, ಎಡಕ್ಕೆ ಕಟ್ಟೆ. ತಾಟು ಕಟ್ಟೆಯ ಮೇಲೆ ಇಟ್ಟು “ಯಕ್ಕಾ” ಎಂದು ತಿರುಗಿದರೆ, ಬನಿಯನ್ ತೊಟ್ಟ ಒಬ್ಬ ಗಂಡಸು ಕೈಯಲ್ಲಿ ಸೌಟು ಹಿಡಿದು ಅವಳನ್ನೇ ನೋಡುತ್ತಿದ್ದ.

ಅವನಿಗೂ ಭಯ, ಅವಳಿಗೂ ಭಯ. ಅವನು ಮೊದಲು ಚೇತರಿಸಿಕೊಂಡ. ಕುರ್ಚಿಯ ಮೇಲಿನ ಅಂಗಿಯನ್ನು ಗಡಿಬಿಡಿಯಲ್ಲಿ ಹಾಕಿಕೊಳ್ಳುತ್ತಾ, “ಬನ್ನಿ ಅಕ್ಕ ಬನ್ನಿ, ಅಂಗಡಿ ಸಾಬ್ರು ಕಳಿಸಿದ್ರಾ? ನಿನ್ನೆನೇ ಹೇಳಿದ್ದೆ ಅವರಿಗೆ,” ಅಂದ. ಅದು ಮೈಸೂರು, ಮಂಡ್ಯ ಕಡೆಯ ಮಾತು. ಟೀವಿಯಲ್ಲಿ ಕೇಳುವ ಹಾಗೆ, ಪ್ರತಿ ಶಬ್ದಕ್ಕೂ ಇಸ್ತ್ರಿ ಮಾಡಿದಂತೆ. ಶೈಲಾಳ ನಾಲಿಗೆ ಅಂಗುಳಕ್ಕೆ ಹತ್ತಿಕೊಂಡಿತು. ಅವನು ಬಟ್ಟೆ ಸರಿಸಿ ನೋಡಿ, “ಪಲ್ಯಾನೂ ಇದೆಯಲ್ಲ! ತುಂಬಾ ಚೆನ್ನಾಗಿದೆ” ಎಂದು ಎಲ್ಲವನ್ನೂ ತನ್ನ ಪಾತ್ರೆಗಳಿಗೆ ತೆಗೆದುಕೊಂಡ, ತಾಟನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದ, ಒರೆಸಿ ಎರಡೂ ಕೈಯಿಂದ ಕೊಟ್ಟ. “ಎಷ್ಟಾಯ್ತಕ್ಕ?” ಎಂದು ಕೇಳಿದ. ಅವಳು ಏನೂ ಅನ್ನದಿದ್ದಾಗ, ಕಡಿಮೆಯಾದೀತೆಂದು ಸಂಕೋಚಪಟ್ಟು ಜೇಬಿನಿಂದ ಒಂದು ನೋಟು ತೆಗೆದು ತೊಳೆದ ತಾಟಿನ ಮೇಲೆ ಇಟ್ಟ. “ವಾರಕ್ಕೊಂದ್ಸಲ ಹೀಗೇ ತಂದ್ಕೊಡಿ.”

ಅವಳು ಅದನ್ನು ತಗೊಂಡಳು. ಇದೇ ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ತಿಳಿಯದೇ ಹೋದದ್ದು. ಕೈ ಯಾಕೆ ಮುಂದೆ ಹೋಯಿತು? ಅಷ್ಟು ಮರ್ಯಾದೆಯಿಂದ ಕೊಡುವಾಗ ಬೇಡ ಅನ್ನುವುದು ಒರಟಾದೀತು ಅನ್ನಿಸಿತೋ, ಅಥವಾ ತನ್ನ ರೊಟ್ಟಿಗೂ ಒಬ್ಬ ಬೆಲೆ ಕಟ್ಟಿದನಲ್ಲ ಎಂದು ಒಳಗೊಂದು ಕೆಟ್ಟ ಖುಷಿ ಮಿಂಚಿತೋ? ಮಿಂಚಿತ್ತು, ಸುಳ್ಳೇಕೆ. ಹಬ್ಬದ ರೊಟ್ಟಿ ಮಾರಿದ ಹೆಂಗಸು ಬಾಗಲಕೋಟೆಯ ಚರಿತ್ರೆಯಲ್ಲೇ ಇರಲಿಕ್ಕಿಲ್ಲ, ಹಳೇ ಊರಲ್ಲೂ ಇಲ್ಲ, ಹೊಸ ಊರಲ್ಲೂ ಇಲ್ಲ. ಸಂದಿಯಿಂದ ಹೊರಬಂದಾಗ ಬಿಸಿಲು ತಾಟಿಗೆ ಬಿದ್ದು ಕಣ್ಣಿಗೆ ಹೊಡೆಯಿತು. ಅಷ್ಟು ಸ್ವಚ್ಛವಾದ ತಾಟನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ನೇರ ಮನೆಗೆ ಹೋಗುವ ಧೈರ್ಯವಾಗದೆ ತಿರುವಿನ ಅಂಗಡಿಯ ಕಡೆ ನಡೆದಳು. ಒಂದಿಷ್ಟು ಸಕ್ಕರೆ ಕೊಂಡು ತಾಟಿಗೆ ಹಾಕಿಕೊಂಡರೆ ಮುಗಿಯಿತು. ಅವನೇ ಕೊಟ್ಟ ಅಂದರೆ ಯಾರು ಕೇಳುತ್ತಾರೆ? ಅತ್ತೆ ಸಕ್ಕರೆ ನೋಡುತ್ತಾಳೆ, ನಂಬುತ್ತಾಳೆ, ಪರವೂರಿನವರೂ ಪದ್ಧತಿ ಬಲ್ಲರು ಅಂದುಕೊಳ್ಳುತ್ತಾಳೆ, ಉಳಿಯುತ್ತಾಳೆ. ಎಷ್ಟು ಸುಲಭ. ಅಂಗಡಿಯ ಅಬ್ದುಲಸಾಬ ಅವಳನ್ನು ನೋಡಿ, “ಏನ ಕೊಡ್ಲಿ ಯವ್ವಾ?” ಅಂದವನು ತಾಟಿನ ಕಡೆ ಕಣ್ಣು ಹಾಯಿಸಿ ತಾನಾಗಿಯೇ ಹೇಳಿದ, “ಹಬ್ಬದ ರೊಟ್ಟಿ ಹಂಚಾಕತ್ತೀಯೇನ? ಚಲೋ ಆತು. ಆ ದವಾಖಾನಿ ಲ್ಯಾಬಿನ ಹುಡುಗಗ ಒಂದ ತಾಟ ಕೊಟ್ಟ ಬಿಡವ್ವಾ, ಚೇತನಕುಮಾರ ಅಂತ, ಮಂಡ್ಯದ ಕಡೀದಂವ. ದಿನಾ ಬಂದು ರೊಟ್ಟಿ ಮಾರಾಕಿ ಇದ್ದರ ಕಳಸ್ರಿ ಕಳಸ್ರಿ ಅಂತಾನ. ಎಲ್ಲಿಂದ ಕಳಸ್ಲಿ ನಾ?” ಶೈಲಾ ಮುಷ್ಟಿಯಲ್ಲಿದ್ದ ನೋಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ರೊಟ್ಟಿ ಮಾರಿದ ದುಡ್ಡಿನಿಂದ ಸಕ್ಕರೆ ಕೊಂಡು ಅತ್ತೆಗೆ ತಿನ್ನಿಸುವುದೇ? “ಏನೂ ಬ್ಯಾಡ ಕಾಕಾ,” ಎಂದು ತಿರುಗಿ ನಡೆದಳು.

ಇಂದ್ರಾಬಾಯಿ ತಾಟನ್ನು ದೂರದಿಂದಲೇ ಕಂಡಳು. ರಸ್ತೆಗೆ ಬೆನ್ನು ಮಾಡಿ ಕೂತವಳಿಗೆ ಹೇಗೆ ಕಂಡಿತೋ ದೇವರೇ ಬಲ್ಲ, ಪ್ರಾಯಶಃ ಈ ಎಲ್ಲ ದಿನವೂ ಹಾಗೇ ಕಾಣುತ್ತಿತ್ತು. “ಖಾಲಿ ಬಂತಲ್ಲ. ಮ್ಯಾಲ ತೊಳದಾರ ಬ್ಯಾರೆ. ಯಾರ ಮನೀದು?” ಶೈಲಾ ಮುಷ್ಟಿ ಬಿಚ್ಚಿ ತೋರಿಸಿದಳು. ಹೇಳಿದಳು. ಆದದ್ದನ್ನು ಆದ ಹಾಗೇ, ಒಂದನ್ನೂ ಬಿಡದೆ. ಇನ್ನು ಗಾಡಿ ನಾಳೆಯವರೆಗೂ ಕಾಯಲಿಕ್ಕಿಲ್ಲ, ಈಗಲೇ ಬಾ ಎಂದು ಹೇಳಿಕಳಿಸುತ್ತಾಳೆ ಎಂದುಕೊಂಡಳು.

ಇಂದ್ರಾಬಾಯಿ ನೋಟನ್ನು ನೋಡಿದಳು, ಸೊಸೆಯನ್ನು ನೋಡಿದಳು. ಆಕೆಯ ಮುಖದಲ್ಲಿ ಏನೋ ಹರಿದಾಡಿತು. ಸಿಟ್ಟೇ, ಆದರೆ ತಿಂಗಳುಗಟ್ಟಲೆ ಹಸಿದವರಿಗೆ ಅನ್ನದ ವಾಸನೆ ಬಂದಾಗ ಆಗುವ ಹಾಗಿನ ಸಿಟ್ಟು. “ಪಂಚಮಿ ರೊಟ್ಟಿಗೆ ರೊಕ್ಕಾ? ಇಂದ್ರಾಬಾಯಿ ಮನಿ ರೊಟ್ಟಿಗೆ ರೊಕ್ಕಾ? ಯಾವ ಮನಿ ಅದು, ತೋರಸು ನಡಿ!” ಬಾಗಿಲ ಚೌಕಟ್ಟು ಹಿಡಿದು ಎದ್ದೇಬಿಟ್ಟಳು. ಚಪ್ಪಲಿ ಹುಡುಕುವಷ್ಟೂ ಪುರುಸೊತ್ತಿಲ್ಲದೆ ಬರಿಗಾಲಲ್ಲಿ ಗೇಟು ದಾಟಿ, ಇಷ್ಟು ದಿನ ಕಣ್ಣೆತ್ತಿ ನೋಡದ ಆ ಅಗಲ ರಸ್ತೆಯ ನಟ್ಟನಡುವೆ ಹೊರಟಳು. ಎದುರು ಬಂದ ಮೋಟಾರ್ ಸೈಕಲ್ಲಿನವನು ಬ್ರೇಕು ಹಾಕಿದ್ದಕ್ಕೆ ಅವನಿಗೊಂದು ಬೈಗುಳ ಬಿತ್ತು. ಶೈಲಾ ತಾಟು ಹಿಡಿದು ಹಿಂದೆ ಹಿಂದೆ ಓಡಿದಳು. ನಾಚಿಕೆಯಿಂದ ಸಾಯಬೇಕಿತ್ತು, ಆದರೆ ಎದೆ ಹಬ್ಬದ ಹಲಗೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಏನೋ ಆಗುತ್ತಿದೆ, ಕೊನೆಗೂ ಈ ರಸ್ತೆಯಲ್ಲಿ ಏನೋ ಆಗುತ್ತಿದೆ.

ಚೇತನಕುಮಾರ ಹಿತ್ತಲ ಬಾಗಿಲಿಗೆ ಬಂದಾಗ ಅವನ ಕಣ್ಣುಗಳಿಂದ ನೀರು ಸುರಿಯುತ್ತಿತ್ತು, ಮೂಗು ಕೆಂಪಗಿತ್ತು. ಕೆಂಪು ಖಾರವನ್ನು ಅವನು ಪಲ್ಯ ಎಂದು ತಿಂದಿದ್ದ. ಇಂದ್ರಾಬಾಯಿ ಅವನ ಕಣ್ಣೀರಿಗೆ ಕರಗಲಿಲ್ಲ. ನೋಟನ್ನು ಅವನ ಅಂಗಿಯ ಜೇಬಿಗೆ ತಾನೇ ತುರುಕಿದಳು. “ತಮ್ಮಾ, ನಿಮ್ಮ ಊರಾಗ ಮನಿಗಿ ಬಂದಾಕಿಗಿ ಹಿಂಗ ರೊಕ್ಕಾ ಕೊಟ್ಟ ಕಳಸ್ತಾರೇನ? ನನ್ನ ಸೊಸಿ ರೊಟ್ಟಿ ಮಾರಾಕಿ ಅಲ್ಲ. ಹಬ್ಬ ಐತಿ ಅಂತ ಕೊಡಾಕ ಬಂದಾಳ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವನ ಮುಖ ನೋಡಲಾಗಲಿಲ್ಲ. “ಅಯ್ಯೋ, ಗೊತ್ತಾಗ್ಲಿಲ್ಲಮ್ಮ,” ಅಂದ. ಶೈಲಾಳ ಕಡೆ ತಿರುಗಿ, “ಅಕ್ಕ, ತಪ್ಪಾಯ್ತು” ಅಂದ. ಆಮೇಲೆ ಯಾರೂ ಕೇಳದಿದ್ದರೂ ಹೇಳಿದ, “ನಾನು ಈ ಊರಿಗೆ ಬಂದಾಗಿಂದ ಒಬ್ಬರೂ ಮನೆ ಒಳಗೆ ಬಂದಿರಲಿಲ್ಲ. ಹೆಂಡ್ತಿ ದಿನಾ ಫೋನಲ್ಲಿ ಕೇಳ್ತಾಳೆ, ಊರು ಹೆಂಗಿದೆ, ಜನ ಹೆಂಗಿದ್ದಾರೆ ಅಂತ. ಏನು ಹೇಳೋದು ಗೊತ್ತಾಗ್ತಿರಲಿಲ್ಲ. ಮುಂದಿನ ವಾರ ಅವಳೂ ಬರ್ತಿದ್ದಾಳೆ. ಇವತ್ತು ಅಕ್ಕ ಬಂದ್ರು, ನಾನು ದುಡ್ಡು ಕೊಟ್ಟು ಕಳಿಸಿಬಿಟ್ಟೆ.” ಮತ್ತೆ ಕಣ್ಣು ಒರೆಸಿಕೊಂಡ. ಖಾರದ ನೀರೋ ಬೇರೆಯದೋ, ಅವನಿಗೇ ತಿಳಿದಂತಿರಲಿಲ್ಲ.

ಇಂದ್ರಾಬಾಯಿ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು. ಅಲ್ಲಿಂದಾಚೆ ಅದು ಆಕೆಯ ಮನೆಯಾಯಿತು. ಮೊಸರು ಎಲ್ಲಿದೆ ಎಂದು ಕೇಳಿ, ತೆಗೆಸಿ, ಖಾರಕ್ಕೆ ಕಲೆಸಿ ಅವನಿಗೆ ತಿನ್ನಿಸಿದಳು; ಎಣಗಾಯಿಗೆ ರೊಟ್ಟಿ ಹೇಗೆ ಮುರಿಯಬೇಕೆಂದು ತೋರಿಸಿದಳು; ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ, ಒಳಗಿನ ಕಪ್ಪಗಿನ ಉಂಡೆಯನ್ನು ನೋಡಿ, “ಇದೇನೋ?” ಎಂದಳು. ರಾಗಿ ಮುದ್ದೆ ಎಂದ. ಹೇಗೆ ತಿನ್ನುವುದು? ಅಗಿಯಬಾರದಮ್ಮ, ನುಂಗಬೇಕು. “ಹಲ್ಲಿಲ್ಲದಾಕಿಗಿ ಚಲೋ ಆತ ಬಿಡು. ಹಾಕು ಅದನ್ನ ತಾಟಿನಾಗ. ಖಾಲಿ ಕಳಸಬಾರದು. ನಿನ್ನ ಹೇಣ್ತಿಗೂ ಹೇಳಿಡು ಇದನ್ನ.” ಅವನು ನಗುತ್ತಾ ಅಳುತ್ತಾ ಮುದ್ದೆಯ ಮೇಲೆ ತುಪ್ಪ ಸುರಿದು ತಾಟಿನಲ್ಲಿಟ್ಟ. ಶೈಲಾ ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದಳು. ಸಂತೋಷವಾಗಬೇಕು, ಆಗುತ್ತಿತ್ತು ಕೂಡ. ಆದರೆ ಈ ಮನೆಯನ್ನು ಕಂಡುಹಿಡಿದವಳು ತಾನು, ಅವಮಾನ ಉಂಡವಳು ತಾನು, ರೊಟ್ಟಿ ತನ್ನದು. ಈಗ ಒಳಗೆ ನಿಂತು ಆಳುತ್ತಿರುವವಳು ಆಕೆ. ಇದೂ ಹೋಯಿತೇ? ಇನ್ನು ಈ ಹುಡುಗ ಇಂದ್ರಾಬಾಯಿಯನ್ನು ನೆನೆಯುತ್ತಾನೆ, ತನ್ನನ್ನಲ್ಲ. ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು, ಮತ್ತು ಆ ಉರಿಯ ಬಗ್ಗೆ ಅವಳಿಗೆ ಮೊದಲ ಸಲ ನಾಚಿಕೆಯಾಗಲಿಲ್ಲ.

ತಿರುಗಿ ಬರುವಾಗ ಇಂದ್ರಾಬಾಯಿ ಮುಂದೆ, ಮುದ್ದೆಯ ತಾಟು ಹಿಡಿದ ಶೈಲಾ ಹಿಂದೆ. ಆಕೆ ತಿರುಗದೆ ಮಾತಾಡುತ್ತಿದ್ದಳು. “ಹೇಣ್ತಿ ಬರ್ತಾಳಂತ. ಅಕಿಗಿ ಒಂದ ರೊಟ್ಟಿ ಬಡ್ಯಾಕ ಬರ್ತೈತೋ ಇಲ್ಲೋ. ಈ ಊರಾಗ ಯಾರ ಕಲಸಾವ್ರು ಅಕಿಗಿ?”

“ನಾ ಅದೇನಲ್ಲ,” ಅಂದಳು ಶೈಲಾ.

ಇಂದ್ರಾಬಾಯಿ ನಿಂತು ತಿರುಗಿದಳು. “ನೀನಾ?”

ಒಂದೇ ಶಬ್ದ. ಇಷ್ಟು ವರ್ಷದ ಸಂಸಾರ ಎಲ್ಲ ಅದರೊಳಗಿತ್ತು. ಶೈಲಾ ಎಂದಿನಂತೆ ಬಾಯಿ ಮುಚ್ಚಿಕೊಳ್ಳಲು ಹೋದಳು, ಬಾಯಿ ಒಪ್ಪಲಿಲ್ಲ. ಬೇಕೆಂದೇ ಹೇಳಿದಳೋ, ಸಿಟ್ಟಿನಲ್ಲಿ ಬಂತೋ, ಅವಳಿಗೆ ಇಂದಿಗೂ ತಿಳಿಯದು. “ಹೂಂ, ನಾನ ಕಲಸ್ತೇನಿ. ನಿಮಗ್ಯಾಕ ಚಿಂತಿ? ನೀವು ನಾಳೆ ಕಲಾದಗಿಗಿ ಹೋಗಾವ್ರು, ಆರಾಮ ಹೋಗ್ರಿ. ನಾ ಇಲ್ಲೆ ಮಂದೀನ್ನ ನೋಡ್ಕೊತೇನಿ.” ದನಿ ತಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ನೀರಿನ ಟಾಕಿಗೆ ತಾಗಿ ತಿರುಗಿ ಬಂತು.

“ಏನಂದಿ?” ಇಂದ್ರಾಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನಿನ್ನ ಕೈಯಾನ ರೊಟ್ಟಿ ತಿಂದ ಆ ಹುಡುಗಿ ಮೂರ ದಿನದಾಗ ಮಂಡ್ಯಾಕ ಓಡಿ ಹೋಗ್ತಾಳ!”

“ಇವತ್ತ ತಿಂದಾನಲ್ಲ ಅಕಿ ಗಂಡ, ಓಡಿ ಹೋದನೇನ?”

“ಹಿಟ್ಟ ನಾನು ಹದಾ ಮಾಡಿ ಕೊಟ್ಟಿದ್ದೆ ಅಂತ ಆ ರೊಟ್ಟಿ ಆಗ್ಯಾವು!”

“ಎಲ್ಲಿ ಮಾಡಿ ಕೊಟ್ರಿ? ಬಾಗಲಾಗ ಕುಂತ ಬೈಕೋತ ಇದ್ರಿ!”

ಜಾಳಿಗೆಯ ಮನೆಯ ಒಳಬಾಗಿಲು ತೆರೆಯಿತು. ಅರ್ಧ ಹೆಣೆದ ಜಡೆ ಕೈಯಲ್ಲಿ ಹಿಡಿದು ಆ ಹೆಂಗಸು ಮೆಟ್ಟಿಲಿಗೇ ಬಂದು ನಿಂತಳು. ಅದರಾಚೆಯ ಮನೆಯಿಂದ ಯಾರೋ, ಮಹಡಿಯ ಮೇಲಿಂದ ಯಾರೋ, ಇಷ್ಟು ದಿನ ಶೈಲಾ ಗೋಡೆಗಳೆಂದೇ ತಿಳಿದಿದ್ದ ಮನೆಗಳಿಂದ ಒಬ್ಬೊಬ್ಬರೇ. ಅಬ್ದುಲಸಾಬ ತಕ್ಕಡಿ ಕೆಳಗಿಟ್ಟು ಅಂಗಡಿಯಿಂದ ಇಳಿದ. ಚೇತನಕುಮಾರ ಸಂದಿಯ ಬಾಯಲ್ಲಿ ಅರ್ಧ ರೊಟ್ಟಿ ಹಿಡಿದು ಗಾಬರಿಯಿಂದ ನೋಡುತ್ತಿದ್ದ, ಎಲ್ಲ ತನ್ನಿಂದಲೇ ಆಯಿತೆಂಬಂತೆ. ಜೋಹರಾಗೆ ಅಂಥ ಗಾಬರಿ ಏನಿರಲಿಲ್ಲ. ಒಳಗಿನಿಂದ ಒಂದು ಕುರ್ಚಿ ತಂದು ಹಾಕಿಕೊಂಡು, ಸೂಜಿಗೆ ದಾರ ಪೋಣಿಸುತ್ತಾ ಕೂತಳು. ಇಷ್ಟು ಜನರನ್ನು ಒಟ್ಟಿಗೆ ಕಂಡು ಇಂದ್ರಾಬಾಯಿಯ ದನಿಗೆ ಎಲ್ಲಿಲ್ಲದ ಕಸುವು ಬಂತು. ಮಾತು ಸೊಸೆಗೆ, ಮುಖ ಮಂದಿಗೆ.

“ಕೇಳ್ರಿ ಎಲ್ಲಾರೂ! ಇಕಿ ನನ್ನ ಕಲಾದಗಿಗಿ ಕಳಸ್ತಾಳಂತ! ನೀ ಹೋಗಂದ್ರ ಹೋಗಾಕ ನಾ ಹಬ್ಬಕ್ಕ ಬಂದ ಬೀಗತಿ ಏನ? ಇದು ನನ್ನ ಮನಿ! ನನ್ನ ಮನಿ ಬಿಟ್ಟ ನಾ ಯಾಕ ಹೋಗ್ಲಿ? ಆ ಸಂಗಮೇಶಗ ಈಗಿಂದೀಗ ಫೋನ್ ಹಚ್ಚು, ಗಾಡಿ ತರಬ್ಯಾಡ ಅಂತ ಹೇಳು!”

ಎಲ್ಲರೂ ಶೈಲಾಳ ಕಡೆ ನೋಡುತ್ತಿದ್ದರು. ಅವಳಿಗೆ ಕೆನ್ನೆ ಸುಡುತ್ತಿತ್ತು, ಕಣ್ಣು ತುಂಬಿತ್ತು, ಗೆದ್ದಳೋ ಸೋತಳೋ ಗೊತ್ತಿಲ್ಲದೆ ನಗು ಒತ್ತಿಕೊಂಡು ಬರುತ್ತಿತ್ತು. ಮುಚ್ಚಿಕೊಳ್ಳಲು ಸೆರಗಿಗೆ ಕೈ ಹೋಗುವಂತಿರಲಿಲ್ಲ. ಎಲ್ಲರ ಎದುರಿಗೇ ನಕ್ಕಳು.

“ನೀವ ಹಚ್ರಿ,” ಅಂದಳು. “ನನ್ನ ಕೈಯಾಗ ಮುದ್ದಿ ಐತಿ.”